ದಾಟಿಸಿದ ಹನ್ನೊಂದು ನಿಮಿಷ

2005ರ ಫೆಬ್ರವರಿ ತಿಂಗಳ ಮೂರನೆಯ ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ: ಸಿದ್ಧಕಟ್ಟೆಯ ಹತ್ತಿರ, ನಮ್ಮ ಪಕ್ಕದ ಮನೆ. ಹಾಜರಿದ್ದವರು: ನಾನು, ಆ ಮನೆಯ ಸೊಸೆ ಝೊಹರಾ, ಒಳಕೋಣೆಯ ಬಾಗಿಲಲ್ಲಿ ಜಪಮಣಿ ಹಿಡಿದು ಕುಳಿತ ಅವಳ ಅತ್ತೆ.

ಟಿವಿಯಲ್ಲಿ ಒಬ್ಬ ಪುಟ್ಟ ಹುಡುಗಿ ಹಿಮದಲ್ಲಿ ಓಡುತ್ತಿದ್ದಳು. ಅವಳು ಕೂಗುತ್ತಿದ್ದುದು ಜಪಾನಿಯಲ್ಲಿ. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡಿ ಮಾಯವಾಗುತ್ತಿದ್ದವು. ಝೊಹರಾ ಅತ್ತೆಗೆ ಬ್ಯಾರಿ ಭಾಷೆಯಲ್ಲಿ ಏನೋ ವಿವರಿಸುತ್ತಿದ್ದಳು. ಹೊರಗೆ ರಸ್ತೆಯಲ್ಲಿ ಮೀನಿನವನು ಹಾರ್ನ್ ಒತ್ತಿ ತುಳುವಿನಲ್ಲಿ ದರ ಹೇಳುತ್ತಿದ್ದ. ಗದಗಿನ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಳಾದ ನಾನು, ನನ್ನದಲ್ಲದ ನಾಲ್ಕು ಭಾಷೆಗಳ ನಡುವೆ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕುಳಿತಿದ್ದೆ. ಕೊಟ್ಟ ಕೆಲಸ ಸ್ಪಷ್ಟವಾಗಿತ್ತು. ಈ ಚಿತ್ರ ಮನೆಮಂದಿ ಮಕ್ಕಳೊಂದಿಗೆ ಕುಳಿತು ನೋಡುವಂಥದ್ದೇ, ಅಲ್ಲವೇ ಎಂದು ಹನ್ನೆರಡು ಗಂಟೆಯೊಳಗೆ ಹೇಳಬೇಕು.

ಝೊಹರಾಳ ಗಂಡ ಹಮೀದ್ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆ. ಜನವರಿಯಲ್ಲಿ ಬಂದವರು ಒಂದು ವಿಸಿಡಿ ಪ್ಲೇಯರ್ ತಂದಿದ್ದರು. ಚಾಕೊಲೇಟ್, ಕಂಬಳಿ, ತಲೆನೋವಿನ ಮುಲಾಮುಗಳ ಜೊತೆ ಪೆಟ್ಟಿಗೆಯಲ್ಲಿ ಒಂದೇ ಚಿತ್ರದ ಎರಡು ಡಿಸ್ಕ್‌ಗಳೂ ಇದ್ದವು, ಕೋಣೆಯ ಗೆಳೆಯನೊಬ್ಬ ಮಕ್ಕಳಿಗೆಂದು ಕೊಟ್ಟದ್ದು. ಹೊದಿಕೆಯ ಮೇಲಿನ ಹೆಸರು ಯಾರಿಗೂ ಓದಲು ಬರುತ್ತಿರಲಿಲ್ಲ. ಮಕ್ಕಳು ಅದಕ್ಕೆ ಜಪಾನ್ ಕಾರ್ಟೂನ್ ಎಂದರು. ಝೊಹರಾಳ ಅತ್ತೆ ಒಂದು ಷರತ್ತು ಹಾಕಿದರು: ಸಿಸ್ಟರಮ್ಮ ಮೊದಲು ನೋಡಬೇಕು.

"ನಮ್ಮ ಮಾಮಿಗೆ ನನ್ನ ಮೇಲೆ ನಂಬಿಕೆ ಇಲ್ಲ ಸಿಸ್ಟರಮ್ಮ, ನಿಮ್ಮ ಮೇಲೆ ಉಂಟು" ಎಂದಳು ಝೊಹರಾ.

"ಯಾಕಂದ್ರ ನಾ ನಗೂದಿಲ್ಲ."

"ಹೌದು, ಅದಕ್ಕೇ!" ಎಂದು ಅವಳೇ ನಕ್ಕಳು. "ನೀವೇ ನಮ್ಮ ಸೆನ್ಸಾರ್ ಬೋರ್ಡ್. ಮುತ್ತುಗಿತ್ತು ಕೊಡುದು ಬಂದ್ರೆ ಬರ್ಕೊಳ್ಳಿ, ಹಾಂ. ನನಗೂ ಹೇಳಿ."

ಬರೆದುಕೊಂಡೆ. ಮುತ್ತು ಇಲ್ಲ. ಹೊಡೆದಾಟ ಇಲ್ಲ. ದೆವ್ವ ಇಲ್ಲ. ಹದಿನಾರನೆಯ ನಿಮಿಷದಲ್ಲಿ ಒಬ್ಬ ಮುದುಕ ಸಣ್ಣ ಬಟ್ಟಲಲ್ಲಿ ಏನೋ ಕುಡಿಯುತ್ತಾನೆ. ಕಷಾಯ ಎಂದರೆ ಮಕ್ಕಳು ನಂಬುತ್ತಾರೆ. ಗುಡ್ಡದ ಮೇಲಿನ ಒಂದು ಹಳ್ಳಿ, ಅಲ್ಲಿ ಮರದ ತೊಗಟೆ ನೆನೆಸಿ ಕಾಗದ ಮಾಡುವ ತಾಯಿ, ಅವಳ ಏಳು ವರ್ಷದ ಮಗಳು, ಮಗಳ ಬೆನ್ನು ಬಿಡದ ಒಂದು ಬೆಕ್ಕು. ಇಷ್ಟು ಮೆತ್ತಗಿನ ಚಿತ್ರವನ್ನು ನಾನು ನೋಡಿರಲಿಲ್ಲ. ನೀರು ತೊಟ್ಟಿಕ್ಕುವುದನ್ನೂ ಅವಸರವಿಲ್ಲದೆ ತೋರಿಸುತ್ತಾರೆ. ಮೂವತ್ತನೆಯ ನಿಮಿಷಕ್ಕೆ ತಾಯಿಗೆ ಕೆಮ್ಮು. ಮೂವತ್ತೇಳಕ್ಕೆ ಅವಳನ್ನು ಕಂಬಳಿ ಹೊದಿಸಿ ಎತ್ತಿನ ಗಾಡಿಯಲ್ಲಿ ಪಟ್ಟಣಕ್ಕೆ ಕರೆದೊಯ್ಯುತ್ತಾರೆ. ಮಗಳು ಸೇತುವೆಯವರೆಗೆ ಓಡುತ್ತಾಳೆ.

ಮೂವತ್ತೆಂಟನೆಯ ನಿಮಿಷಕ್ಕೆ ನನ್ನ ಪೆನ್ನು ನಿಂತಿತು.

ಯಾಕೆ ನಿಂತಿತೆಂದು ತಿಳಿಯಲು, ಇದನ್ನು ಓದುವ ಗದಗಿನ ನನ್ನ ಓಣಿಯವರೇ, ನಾನು ಇಲ್ಲಿಗೆ ಬಂದ ದಿನವನ್ನು ನೀವು ತಿಳಿಯಬೇಕು.

ನನ್ನ ಒಬ್ಬಳೇ ಮಗಳು ಶೋಭಾ ನನ್ನಂತೆಯೇ ನರ್ಸ್. ಓದಲು ಮಂಗಳೂರಿಗೆ ಬಂದಳು, ಮೂಡುಬಿದಿರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು, ಬೆಳ್ತಂಗಡಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸದಾನಂದನನ್ನು ಮೆಚ್ಚಿ ಮದುವೆಯಾದಳು. 2002ರ ಡಿಸೆಂಬರ್‌ನಲ್ಲಿ ಅವಳಿಗೆ ಜ್ವರ ಬಂತು. ನಾಲ್ಕು ದಿನದಲ್ಲಿ ಮೆದುಳಿಗೆ ಏರಿತು. ನಾನು ರಾತ್ರಿ ಬಸ್ಸು ಹಿಡಿದು, ಬಂಟ್ವಾಳದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಬಂದು ಮುಟ್ಟುವಾಗ ಬೆಳಿಗ್ಗೆ ಒಂಬತ್ತು. ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಹನ್ನೊಂದಕ್ಕೆ ಎತ್ತಿದರು.

ನಮ್ಮಲ್ಲಿ ಮಣ್ಣು ಮಾಡುತ್ತೇವೆ. ಹೋಗಿ ಕೂರಲು ಒಂದು ಜಾಗ ಇರುತ್ತದೆ. ನನ್ನ ಗಂಡನ ಗದ್ದುಗೆಯ ಹತ್ತಿರ ನಾನು ಎಷ್ಟೋ ಸಂಜೆ ಕುಳಿತಿದ್ದೇನೆ. ಇಲ್ಲಿ ಸುಡುತ್ತಾರೆ. ಮೂರನೆಯ ದಿನ ಬೂದಿಯೂ ನೀರಿಗೆ ಹೋಯಿತು. ಮಗಳನ್ನು ಎಲ್ಲಿ ಕುಳಿತು ನೆನೆಯಬೇಕೆಂದು ನನಗೆ ತಿಳಿಯಲಿಲ್ಲ.

ಆ ದಿನ ಐದು ವರ್ಷದ ಮೊಮ್ಮಗಳು ಶ್ರೇಯಾಳನ್ನು ಮುಂಜಾನೆಯೇ ಝೊಹರಾಳ ಮನೆಗೆ ಕಳಿಸಿದ್ದರು. ಸಂಜೆ ಮರಳಿ ಬಂದವಳು ಅಮ್ಮ ಎಲ್ಲಿ ಎಂದು ಕೇಳಿದಳು. ಸದಾನಂದನ ತಾಯಿ ಗಿರಿಜಕ್ಕ ಅವಳನ್ನು ಎತ್ತಿಕೊಂಡು, ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಹೇಳಿದರು: "ಅಮ್ಮ ಗಲ್ಫಿಗೆ ಹೋದ್ರು ಮಗಾ. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬರ್ತಾರೆ."

ನಮ್ಮ ಗದಗಿನಲ್ಲಿ ಇಂಥ ಸುಳ್ಳು ಒಂದು ವಾರವೂ ಬಾಳುವುದಿಲ್ಲ. ಗಲ್ಫ್ ಎಂದರೆ ಅಲ್ಲಿನ ಮಗುವಿಗೆ ಏನು ಗೊತ್ತು? ಇಲ್ಲಿ ಹಾಗಲ್ಲ. ಈ ರಸ್ತೆಯಲ್ಲಿ ಹಿಂದೂಗಳ ಮನೆಯಿರಲಿ, ಮುಸ್ಲಿಮರ ಮನೆಯಿರಲಿ, ಒಬ್ಬರು ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ. ಮಕ್ಕಳಿಗೆ ಅಪ್ಪ ಎಂದರೆ ಶುಕ್ರವಾರದ ಫೋನ್. ಇಲ್ಲಿ ಮನೆಯವರೊಬ್ಬರು ಕಾಣದಿದ್ದರೆ ಮಗು ಗಾಬರಿಯಾಗುವುದಿಲ್ಲ. ಯಾವಾಗ ಬರ್ತಾರೆ ಎಂದಷ್ಟೇ ಕೇಳುತ್ತದೆ. ಶ್ರೇಯಾಳೂ ಅಷ್ಟೇ ಕೇಳಿದಳು. ತೃಪ್ತಳಾಗಿ ಗಂಜಿ ಕುಡಿದು ಮಲಗಿದಳು. ಮರುದಿನದಿಂದ ಇಡೀ ಊರು ಸೇರಿ ಆ ಸುಳ್ಳನ್ನು ಕಾಯತೊಡಗಿತು. ಶಾಲೆಯ ಟೀಚರು, ಅಂಗಡಿಯವರು, ಬಸ್ಸಿನ ಕಂಡಕ್ಟರ್ ಎಲ್ಲರೂ. ಕೆಟ್ಟ ಮನಸ್ಸಿನಿಂದ ಒಬ್ಬರೂ ಅಲ್ಲ.

ನಾನು? ಆಸ್ಪತ್ರೆಯ ಪಡಸಾಲೆಯಲ್ಲಿ ಸಾವಿನ ಸುದ್ದಿ ಹೇಳುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು. ನನಗೆ ಕಲಿಸಿದ ನಿಯಮ ಮೂರು ಮಾತಿನದು: ಕೂರಿಸಿ ಹೇಳು, ತೀರಿಕೊಂಡರು ಎಂಬ ಪದವನ್ನೇ ಹೇಳು, ಅವರು ಏಳುವವರೆಗೆ ಪಕ್ಕದಲ್ಲಿರು. ಹೊಸ ಹುಡುಗಿಯರು "ದೇವರು ಕರಕೊಂಡ" ಎಂದರೆ ಬೈಯುತ್ತಿದ್ದವಳು ನಾನು. ಆದರೆ ಆ ದಿನ ನಾನು ಪರರ ಮನೆಯಲ್ಲಿದ್ದೆ, ಭಾಷೆ ಬರುತ್ತಿರಲಿಲ್ಲ, ಮಗಳನ್ನು ಕಳೆದುಕೊಂಡಿದ್ದೆ. ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದು ರೂಢಿಯಾಯಿತು. ಇನ್ನೂ ನಿಜ ಹೇಳಬೇಕೆಂದರೆ, ಆ ಸುಳ್ಳು ನನಗೂ ಬೇಕಾಗಿತ್ತು. ಕೆಲವು ಮಧ್ಯಾಹ್ನ, ಶೋಭಾ ಎಲ್ಲೋ ಮರಳುಗಾಡಿನ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಬಿಳಿ ಸಮವಸ್ತ್ರ ತೊಟ್ಟು ಎರಡನೆಯ ಪಾಳಿಗೆ ಹೊರಟಿದ್ದಾಳೆ ಎಂದುಕೊಂಡು ನಾನೇ ಐದು ನಿಮಿಷ ನೆಮ್ಮದಿಯಾಗಿರುತ್ತಿದ್ದೆ.

ಹದಿನೈದು ದಿನಕ್ಕೆಂದು ಬಂದವಳು ಎರಡು ವರ್ಷ ಉಳಿದೆ. ನನ್ನ ದಿನಚರಿ ನಿಮಗೆ ಗೊತ್ತೇ ಇದೆ: ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಉಪ್ಪಿಟ್ಟು. ಇಲ್ಲಿ ಗಡಿಯಾರ ಅದೇ, ಉಳಿದದ್ದೆಲ್ಲ ಬೇರೆ. ಗದಗಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಪಕ್ಕದವರು ಕೆಮ್ಮಿದರೆ ಯಾರು ಕೆಮ್ಮಿದರೆಂದು ತಿಳಿಯುತ್ತದೆ. ಇಲ್ಲಿ ಒಂದೊಂದು ಮನೆಗೆ ಒಂದೊಂದು ಗುಡ್ಡ. ಕರೆದದ್ದು ಕೇಳಬೇಕೆಂದರೆ ಕೂಗಬೇಕು. ನಮ್ಮಲ್ಲಿ ಜಗಲಿ ಎಂದರೆ ದೇವರನ್ನು ಇಡುವ ಕಟ್ಟೆ. ಇಲ್ಲಿ ಜಗಲಿ ಎಂದರೆ ಮನೆಯ ಮುಂದಿನ ಪಡಸಾಲೆ. ಮೊದಲ ವಾರ "ಜಗಲಿಯಲ್ಲಿ ಕೂತ್ಕೊಳ್ಳಿ" ಎಂದಾಗ ನಾನು ಗಾಬರಿಯಾಗಿ ನಿಂತೇ ಇದ್ದೆ. ಊಟಕ್ಕೆ ಕುಚ್ಚಲಕ್ಕಿ, ಎಲ್ಲದಕ್ಕೂ ತೆಂಗಿನಕಾಯಿ. ಮನೆಯವರಿಗೆ ಮೀನು ಬೇಕು, ನನಗೆ ಅದರ ವಾಸನೆಯೂ ಆಗದು. ಗಿರಿಜಕ್ಕ ಯಾರೂ ಹೇಳದೆಯೇ ಹಿತ್ತಿಲ ಕೋಣೆಯಲ್ಲಿ ನನಗೊಂದು ಬೇರೆ ಒಲೆ ಹಾಕಿಕೊಟ್ಟರು. ಆ ಉಪಕಾರವನ್ನು ಮರೆಯಲಾರೆ. ಆದರೆ ಆ ಒಲೆಯ ಮುಂದೆ ಒಬ್ಬಳೇ ಕುಳಿತು ಉಂಡ ಊಟಗಳನ್ನೂ ಮರೆಯಲಾರೆ.

ಸಣ್ಣ ಗೆಲುವುಗಳೂ ಇದ್ದವು. ಮೂಡುಬಿದಿರೆಯ ಒಂದು ಅಂಗಡಿಯಲ್ಲಿ ಐದು ತಿಂಗಳು ಕೇಳಿ ಕೇಳಿ ಜೋಳದ ಹಿಟ್ಟು ತರಿಸಿಕೊಂಡೆ. ನನ್ನ ರೊಟ್ಟಿ ತಟ್ಟುವ ಸದ್ದಿಗೆ ಶ್ರೇಯಾ, ಝೊಹರಾಳ ಮಗಳು ಸಫಾ ಇಬ್ಬರೂ ಓಡಿ ಬರುತ್ತಾರೆ. ವಾರಕ್ಕೆ ಹತ್ತು ತುಳು ಪದ ಬರೆದುಕೊಂಡು ಕಲಿಯುವ ನಿಯಮ ಹಾಕಿಕೊಂಡೆ. "ಒಣಸ್ ಆಂಡಾ?" ಎಂದರೆ ಊಟ ಆಯಿತೇ ಎಂದು. ಅದನ್ನು ಮೊದಲ ಸಲ ಬಸ್ ನಿಲ್ದಾಣದಲ್ಲಿ ಒಬ್ಬಾಕೆಗೆ ಕೇಳಿದೆ; ಆಕೆ ಸಂತೋಷಪಟ್ಟು ಹತ್ತು ನಿಮಿಷ ತುಳುವಿನಲ್ಲಿ ಮಾತಾಡಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ತಲೆ ಆಡಿಸುತ್ತ ನಿಂತೆ. ಇಲ್ಲಿಯವರಿಗೆ ನಾನು ಘಟ್ಟದಜ್ಜಿ, ಅಂದರೆ ಘಟ್ಟದ ಮೇಲಿನಿಂದ ಬಂದವಳು. ಹೋದ ಬೇಸಿಗೆಯಲ್ಲಿ ಗದಗಿಗೆ ಬಂದಾಗ ನೀವೆಲ್ಲ ನನ್ನನ್ನು ಮಂಗಳೂರಾಕಿ ಎಂದಿರಿ.

ಈ ಜನವರಿಯಲ್ಲಿ ಹಮೀದ್ ಬಂದು ಹೋದದ್ದೇ ತೊಂದರೆಯಾಯಿತು. ಶ್ರೇಯಾಳಿಗೆ ಈಗ ಏಳು ವರ್ಷ, ಎರಡನೆಯ ತರಗತಿ, ಲೆಕ್ಕ ಬರುತ್ತದೆ. ಗಲ್ಫಿನವರು ಎರಡು ವರ್ಷಕ್ಕೆ ಬರುತ್ತಾರೆ. ಅಮ್ಮನಿಗೂ ಎರಡು ವರ್ಷ ಆಯಿತು. ಅವಳು ಶುಕ್ರವಾರ ಶಾಲೆಯಿಂದ ಬಂದವಳೇ ಫೋನಿನ ಹತ್ತಿರ ಕೂರತೊಡಗಿದಳು. ಆಟಕ್ಕೆ ಕರೆದರೆ ಬರುತ್ತಿರಲಿಲ್ಲ. "ಈಗ ಬೇಡ, ಫೋನ್ ಬರ್ಬಹುದು" ಎನ್ನುತ್ತಿದ್ದಳು. ಗಿರಿಜಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸುಮ್ಮನೆ ಅತ್ತ ಇತ್ತ ಇಡುತ್ತಿದ್ದರು.

ಈಗ ಮೂವತ್ತೆಂಟನೆಯ ನಿಮಿಷಕ್ಕೆ ಬರುತ್ತೇನೆ. ಹಿಮ ಬೀಳುತ್ತಿದೆ. ಗಾಡಿಯೊಂದಿಗೆ ಹೋಗಿದ್ದ ಚಿಕ್ಕಮ್ಮ ಒಬ್ಬಳೇ ನಡೆದು ಬರುತ್ತಾಳೆ, ಕೈಯಲ್ಲಿ ಮಡಿಸಿದ ಕಂಬಳಿ. ಯಾರೂ ಏನೂ ಹೇಳುವುದಿಲ್ಲ. ಮನೆಯ ಮೂಲೆಯಲ್ಲಿ ಪುಟ್ಟ ಬಾಗಿಲುಗಳಿರುವ ಒಂದು ಗೂಡು, ತೀರಿಕೊಂಡವರಿಗೆ ಎಡೆ ಇಡುವಂಥದ್ದು. ಅದರಲ್ಲಿ ತಾಯಿಯ ಚಿತ್ರ. ಚಿಕ್ಕಮ್ಮ ಮಗುವಿನ ಕೈಗೆ ಬಿಸಿ ಅನ್ನದ ಬಟ್ಟಲು ಕೊಡುತ್ತಾಳೆ. ಮಗು ಅದನ್ನು ಚಿತ್ರದ ಮುಂದೆ ಇಡುವ ಮೊದಲು ನಿಂತು, ಮೂರು ಸಲ ಊದುತ್ತದೆ. ಕೆಳಗೆ ಅಕ್ಷರ ಮೂಡಿತು: ನಿನಗೆ ಬಿಸಿ ಆಗುವುದಿಲ್ಲ ಅಲ್ಲವಾ. ಆಮೇಲೆ ಅಲ್ಲೇ ಕುಳಿತು ಶಾಲೆಯ ಸುದ್ದಿ ಹೇಳುತ್ತದೆ: ಸೇತುವೆ ಹೆಪ್ಪುಗಟ್ಟಿತ್ತು, ಬೆಕ್ಕು ಜಾರಿ ಬಿತ್ತು. ಹೇಳುತ್ತ ಹೇಳುತ್ತ ಅಳುತ್ತದೆ. ನಲವತ್ತೊಂಬತ್ತನೆಯ ನಿಮಿಷಕ್ಕೆ ಹಿಮ ಕರಗಿ ವಸಂತ ಬರುತ್ತದೆ. ಹುಡುಗಿ ಚೀಲದಲ್ಲಿ ಬೆಕ್ಕನ್ನು ಹಾಕಿಕೊಂಡು ನಗುತ್ತ ಶಾಲೆಗೆ ಓಡುತ್ತಾಳೆ.

ಝೊಹರಾ ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ. ಚಿತ್ರ ಮುಗಿದ ಮೇಲೆ ಅವಳೇ ಮಾತು ತೆಗೆದಳು. "ಸಿಸ್ಟರಮ್ಮ, ಆ ಗೂಡಿನದ್ದು ಬೇಡ. ಶ್ರೇಯಾ ಇರ್ತಾಳೆ."

"ಹೌದು. ಮೂವತ್ತೆಂಟರಿಂದ ನಲವತ್ತೊಂಬತ್ತು. ರಿಮೋಟ್ ನನ್ನ ಕೈಯಾಗ ಇರಲಿ. ಆ ಹೊತ್ತಿಗೆ ಓಡಿಸಿಬಿಡ್ತೀನಿ."

"ಯಾಕೆ ಅಂತ ಕೇಳಿದ್ರೆ?"

"ಡಿಸ್ಕಿನ ಮ್ಯಾಲೆ ಗೀರು ಬಿದ್ದೈತಿ ಅಂತ ಹೇಳು."

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನೋಟ್‌ಬುಕ್ಕಿನಲ್ಲಿ ಬರೆದೆ: ಮನೆಮಂದಿಗೆ ಯೋಗ್ಯ, ಹನ್ನೊಂದು ನಿಮಿಷ ಬಿಟ್ಟು. ಸಹಿ ಹಾಕಿದೆ. ಶಿಸ್ತಿನ ಕೆಲಸ ಮಾಡಿದ ಸಮಾಧಾನ ಇತ್ತು.

ಮೂರು ಗಂಟೆಗೆ ಮಕ್ಕಳು ಸೇರಿದರು. ಒಂಬತ್ತು ಮಕ್ಕಳು, ನಾಲ್ವರು ತಾಯಂದಿರು. ಬೆಕ್ಕು ಬಂದಾಗಲೆಲ್ಲ ಚಪ್ಪಾಳೆ. ಮುದುಕ ಕುಡಿದಾಗ ಒಬ್ಬ ಹುಡುಗ "ಗಂಗಸರ!" ಎಂದು ಕೂಗಿ ತಾಯಿಯ ಕೈಯಿಂದ ಏಟು ತಿಂದ. ಹಾಗೆಂದರೆ ಹೆಂಡ; ನನ್ನ ಕಷಾಯವನ್ನು ಯಾರೂ ನಂಬಲಿಲ್ಲ. ಗಾಡಿ ಹೊರಟಿತು, ಹುಡುಗಿ ಸೇತುವೆಯವರೆಗೆ ಓಡಿದಳು. ನಾನು ಗುಂಡಿ ಒತ್ತಿದೆ, ಡಿಸ್ಕಿಗೆ ಗೀರು ಬಿದ್ದಿದೆ ಎಂದಳು ಝೊಹರಾ. ಪರದೆಯ ಮೇಲೆ ಹಿಮ, ಗೂಡು, ಬಟ್ಟಲು ಎಲ್ಲ ಚೂರುಚೂರಾಗಿ ಓಡಿಹೋಗಿ, ವಸಂತ ಬಂತು. ಹುಡುಗಿ ನಗುತ್ತ ಶಾಲೆಗೆ ಹೊರಟಳು. ಮಕ್ಕಳೂ ನಕ್ಕರು. ಶ್ರೇಯಾ ನಗಲಿಲ್ಲ. ಅವಳು ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಪರದೆಯ ಕಡೆ ತಿರುಗಿದಳು.

ಐದಕ್ಕೆ ಮುಗಿಯಿತು. ಎಲ್ಲರೂ ಅಂಗಳಕ್ಕೆ ಆಡಲು ಹೋದರು. ಶ್ರೇಯಾ ಚಾಪೆಯ ಮೇಲೆಯೇ ಕುಳಿತಿದ್ದಳು.

"ಯಾಕವ್ವ? ಚಂದ ಇರಲಿಲ್ಲೇನು?"

"ಆ ಹುಡುಗಿ ಒಳ್ಳೆಯವಳಲ್ಲ ಆಯಿ." ನಮ್ಮ ಕಡೆಯಂತೆ ನನ್ನನ್ನು ಆಯಿ ಎಂದು ಕರೆಯಲು ಅವಳಿಗೆ ಶೋಭಾ ಕಲಿಸಿದ್ದಳು.

"ಯಾಕ?"

"ಅಮ್ಮ ಗಾಡಿಯಲ್ಲಿ ಹೋದ್ರು. ಎಲ್ಲಿ ಹೋದ್ರು ಅಂತ ಅವಳು ಕೇಳ್ಲೇ ಇಲ್ಲ. ನಗ್ತಾಳೆ. ಬೆಕ್ಕು ಸಾಕು ಅವಳಿಗೆ." ಸ್ವಲ್ಪ ಹೊತ್ತು ಚಾಪೆಯ ಕಡ್ಡಿ ಕಿತ್ತಳು. "ಅವಳ ಅಮ್ಮನೂ ಒಳ್ಳೆಯವರಲ್ಲ. ಒಂದು ಕಾಗದ ಬರೀಲಿಲ್ಲ. ಅಷ್ಟು ಕಾಗದ ಮಾಡ್ತಾರೆ, ಒಂದು ಬರೀಬಹುದಿತ್ತು."

ನಾನು ಏನೋ ಹೇಳಲು ಹೋದೆ. ಅವಳು ತಲೆ ಎತ್ತದೆ ಮುಗಿಸಿದಳು.

"ಸಫಾ ಹೇಳ್ತಾಳೆ, ಅವಳ ಅಪ್ಪನಿಗೆ ಅವಳೆಂದ್ರೆ ಇಷ್ಟ, ಅದಕ್ಕೆ ಫೋನ್ ಮಾಡ್ತಾರಂತೆ. ನನ್ನ ಅಮ್ಮನಿಗೆ ನಾನು ಬೇಡ. ಅಲ್ವಾ ಆಯಿ? ನನಗೆ ಗೊತ್ತುಂಟು. ಅಜ್ಜಿಗೆ ಹೇಳ್ಬೇಡಿ, ಅಜ್ಜಿಗೆ ಬೇಜಾರಾಗ್ತದೆ."

ಮೂವತ್ತನಾಲ್ಕು ವರ್ಷದಲ್ಲಿ ನಾನು ಕೆಲವು ತಪ್ಪು ಮಾಡಿದ್ದೇನೆ. ಇದರಷ್ಟು ದೊಡ್ಡದು ಇಲ್ಲ. ಚಿತ್ರದಲ್ಲಿ ಮಗುವಿಗೆ ನೋವಾಗುವ ಭಾಗ ಎಂದು ನಾನು ದಾಟಿಸಿದ್ದು, ಆ ಚಿತ್ರದ ದಯೆಯೆಲ್ಲ ಇದ್ದ ಭಾಗವನ್ನು. ಅದನ್ನು ತೆಗೆದ ಮೇಲೆ ಉಳಿದದ್ದು ಮಗಳನ್ನು ಮರೆತ ತಾಯಿ, ತಾಯಿಯನ್ನು ಮರೆತ ಮಗಳು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ನಾವು ಮಾಡಿದ್ದೂ ಇದನ್ನೇ. ಶೋಭಾಳ ಸಾವನ್ನು ಮುಚ್ಚಿಟ್ಟೆವು ಎಂದುಕೊಂಡಿದ್ದೆವು. ಮುಚ್ಚಿಟ್ಟದ್ದು ಅವಳ ಪ್ರೀತಿಯನ್ನು. ಬದುಕಿದ್ದರೆ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದ ನನ್ನ ಮಗಳನ್ನು ನಾವು ಮಗುವನ್ನು ಬಿಟ್ಟುಹೋದವಳನ್ನಾಗಿ ಮಾಡಿದ್ದೆವು.

"ಇಲ್ಲೇ ಕೂಡು. ಹತ್ತು ನಿಮಿಷದಾಗ ಬರ್ತೀನಿ" ಎಂದು ಹೇಳಿ ನಮ್ಮ ಮನೆಗೆ ಹೋದೆ.

ಗಿರಿಜಕ್ಕ ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ಸದಾನಂದ ಬಾವಿಯ ಪಂಪ್ ಬಿಚ್ಚಿಟ್ಟು ಕುಳಿತಿದ್ದ. ಮಗು ಹೇಳಿದ್ದನ್ನು ಒಂದಕ್ಷರ ಬಿಡದೆ ಇಬ್ಬರಿಗೂ ಹೇಳಿ, "ಇವತ್ತ ನಾ ಅಕಿಗೆ ಹೇಳ್ತೀನಿ" ಎಂದೆ.

ಗಿರಿಜಕ್ಕನ ಮುಖ ಕೆಂಪಾಯಿತು. "ದೊಡ್ಡವಳಾಗ್ಲಿ ಅಂತ ಅಲ್ವಾ ಮಾತು? ಏಳು ವರ್ಷದ ಮಗು ಅದು, ಅಕ್ಕ. ಎಂತ ಗೊತ್ತಾಗ್ತದೆ ಅದಕ್ಕೆ?"

"ಅಮ್ಮಗ ನಾನು ಬ್ಯಾಡ ಅನ್ನೂದು ಗೊತ್ತಾಗ್ಯಾದಲ್ಲ."

"ನೀವು ನಾಳೆ ನಿಮ್ಮ ಊರಿಗೆ ಹೋಗ್ತೀರಿ. ಮಧ್ಯರಾತ್ರಿ ಎದ್ದು ಕೂಗಿದ್ರೆ ಎತ್ತಿಕೊಳ್ಳುದು ಯಾರು? ನಾನು."

ಅದು ನನಗೆ ನಾಟಿತು. ಎರಡು ವರ್ಷದ ಮೇಲೂ ನಾನು ನಾಳೆ ಹೋಗುವವಳೇ. ಸದಾನಂದನ ಕಡೆ ನೋಡಿದೆ. ಅವನು ಕೈಯ ಗ್ರೀಸನ್ನು ಹಳೆ ಬಟ್ಟೆಗೆ ಒರೆಸುತ್ತಲೇ ಇದ್ದ, ಕೈ ಶುಚಿಯಾದ ಮೇಲೂ.

"ಹೇಳಿ ಅತ್ತೆ" ಎಂದ. "ನಾನೇ ಹೇಳ್ಬೇಕಿತ್ತು. ಎಷ್ಟು ಸಲ ಬಾಯಿ ತೆರೆದೆ. ಆಗ್ಲಿಲ್ಲ."

ಗಿರಿಜಕ್ಕ ಬಟ್ಟೆಯ ರಾಶಿಯನ್ನು ಹಗ್ಗದ ಮೇಲೆಯೇ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಾಗಾದ್ರೆ ನಾನೂ ಬರ್ತೇನೆ. ಹೋಗುವ" ಎಂದರು.

ಐದು ಗಂಟೆ ಇಪ್ಪತ್ತು ನಿಮಿಷ. ಝೊಹರಾ ತನ್ನ ಅತ್ತೆಯನ್ನೂ ಮಕ್ಕಳನ್ನೂ ಹೊರಗೆ ಕರೆದೊಯ್ದು ಬಾಗಿಲು ಎಳೆದುಕೊಂಡಳು. ಒಳಗೆ ಶ್ರೇಯಾ, ಅವಳ ಅಪ್ಪ, ಗಿರಿಜಕ್ಕ, ನಾನು. ಡಿಸ್ಕನ್ನು ಮತ್ತೆ ಹಾಕಿ ಮೂವತ್ತೆಂಟನೆಯ ನಿಮಿಷಕ್ಕೆ ತಂದೆ.

"ಮಧ್ಯಾಹ್ನ ಇಷ್ಟನ್ನ ನಾ ತೋರಿಸಲಿಲ್ಲ. ಡಿಸ್ಕಿನ್ಯಾಗ ಗೀರಿಲ್ಲ. ನಾನಽ ಓಡಿಸಿದೆ. ತಪ್ಪು ನಂದು. ಈಗ ನೋಡು."

ಅವಳು ನೋಡಿದಳು. ಚಿಕ್ಕಮ್ಮ ಒಬ್ಬಳೇ ಬಂದಾಗ ಮುಂದಕ್ಕೆ ಜರುಗಿ ಕುಳಿತಳು. ಅಕ್ಷರಗಳನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಹುಡುಗಿ ಅನ್ನವನ್ನು ಊದಿದಾಗ ಶ್ರೇಯಾಳ ತುಟಿಗಳೂ ದುಂಡಗಾದವು. ಅವಳು ಕೇಳಿದಳು, "ಅವಳ ಅಮ್ಮ ಸತ್ತು ಹೋದ್ರಾ?"

"ಹೌದು."

"ಅದಕ್ಕೆ ಬರ್ಲಿಲ್ವಾ?"

"ಅದಕ್ಕ ಬರಲಿಲ್ಲ."

ನಾನು ಟಿವಿ ಆರಿಸಿದೆ. ಅವಳನ್ನು ಎಳೆದು ಮುಂದೆ ಕೂರಿಸಿಕೊಂಡೆ. ಎಷ್ಟೋ ಜನರಿಗೆ ಹೇಳಿದ ಮಾತನ್ನು ಮೊದಲ ಸಲ ನನ್ನ ಮನೆಯವರಿಗೆ ಹೇಳಿದೆ. "ಶ್ರೇಯಾ, ನಿಮ್ಮವ್ವ ಗಲ್ಫಿಗೆ ಹೋಗಿಲ್ಲ. ನೀನು ಐದು ವರ್ಷದಾಕಿ ಇದ್ದಾಗ ಜ್ವರ ಬಂದು ತೀರಿಕೊಂಡ್ಲು. ನಾವು ದೊಡ್ಡವರೆಲ್ಲ ಸೇರಿ ನಿನಗ ಸುಳ್ಳು ಹೇಳಿದ್ವಿ."

ಹೊರಗೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು. ಅವನು ತಲೆ ಆಡಿಸಿದ. ಅಜ್ಜಿಯ ಮುಖ ನೋಡಿದಳು. ಅವರು ಗೋಡೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದಳು:

"ಹಾಗಾದ್ರೆ ಅಮ್ಮನಿಗೆ ಫೋನ್ ಮಾಡ್ಲಿಕ್ಕೆ ಆಗ್ಲಿಲ್ಲ."

"ಆಗಲಿಲ್ಲವ್ವ. ಆಗಿದ್ರ ಮಾಡದಽ ಇರ್ತಿದ್ಲೇನು?"

ಆಗ ಅತ್ತಳು. ಎರಡು ವರ್ಷದ ಅಳು ಒಂದೇ ಸಲ ಬಂತು. ಸದಾನಂದ ಅವಳನ್ನು ತೊಡೆಯ ಮೇಲೆ ಎತ್ತಿಕೊಂಡ, ಅವನೂ ಅತ್ತ. ನಾನು ಪಕ್ಕದಲ್ಲಿ ಕುಳಿತೆ. ಏಳುವವರೆಗೆ ಪಕ್ಕದಲ್ಲಿರಬೇಕು ಎನ್ನುವುದು ನಿಯಮ.

ಬಿಕ್ಕಳಿಕೆಯ ನಡುವೆ ಅವಳು ಕೇಳಿದಳು. "ಅಮ್ಮ ನನ್ನನ್ನು ಕೇಳಿದ್ರಾ? ಸಾಯುವಾಗ?"

ನನಗೆ ಗೊತ್ತಿರಲಿಲ್ಲ. ಆ ನಾಲ್ಕು ದಿನ ನಾನು ಆಸ್ಪತ್ರೆಯಲ್ಲಿರಲಿಲ್ಲ. ಎರಡು ವರ್ಷದಲ್ಲಿ ಕೇಳುವ ಧೈರ್ಯವೂ ಆಗಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿದ್ದವರು ಗಿರಿಜಕ್ಕ. ನಾನು ಅವರ ಕಡೆ ನೋಡಿದೆ.

ಅವರು ಗೋಡೆಯಿಂದ ಕಣ್ಣು ತೆಗೆದರು. ಬಂದು ಮಗುವಿನ ಮುಂದೆ ನೆಲದ ಮೇಲೆ ಕುಳಿತರು. ತುಳುವಿನಲ್ಲಿ ಹೇಳತೊಡಗಿದರು. ನಿಧಾನವಾಗಿ, ಒಂದೊಂದೇ ಮಾತು, ನಡುನಡುವೆ ಮಗುವಿನ ಕೂದಲು ಸರಿಮಾಡುತ್ತ. ಎರಡು ವರ್ಷದಿಂದ ಒಂದು ಹನಿ ಹಾಕದ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಶ್ರೇಯಾ ಅಳು ನಿಲ್ಲಿಸಿ ಕೇಳಿದಳು. ಒಂದೆಡೆ ಏನೋ ಮರುಪ್ರಶ್ನೆ ಹಾಕಿದಳು, ಗಿರಿಜಕ್ಕ ಉತ್ತರಿಸಿದರು, ಇಬ್ಬರೂ ಒಂದು ಕ್ಷಣ ನಕ್ಕಂತೆಯೂ ಕಂಡಿತು. ನನಗೆ ದಕ್ಕಿದ್ದು ಎರಡೇ ಪದ. ಶೋಭಾಳ ಮಾತನ್ನು ಅವಳ ದನಿಯಲ್ಲೇ ಹೇಳುವಂತೆ ಗಿರಿಜಕ್ಕ ಮೂರು ಸಲ "ಎನ್ನ ಬಾಲೆ" ಎಂದರು. ನನ್ನ ಮಗು ಎಂದು ಅರ್ಥ. ನನ್ನ ಮಗಳು ಕೊನೆಗೆ ಮಾತಾಡಿದ್ದು ತುಳುವಿನಲ್ಲಿ. ಗದಗಿನ ಓಣಿಯಲ್ಲಿ ಮಾತು ಕಲಿತವಳು ನನ್ನನ್ನು ದಾಟಿ ಅಷ್ಟು ದೂರ ಹೋಗಿದ್ದಳು.

ಮನೆಗೆ ಮರಳುವಾಗ ಆರೂಕಾಲು. ಝೊಹರಾ ಡಿಸ್ಕನ್ನು ಏನು ಮಾಡಲಿ ಎಂದು ಕೇಳಿದಳು. ಇಟ್ಟುಕೋ, ಯಾರು ಕೇಳಿದರೂ ಕೊಡು, ಪೂರ್ತಿ ನೋಡಲಿ ಎಂದೆ. ಶ್ರೇಯಾ ಗಂಜಿ ಕುಡಿದು ಅಪ್ಪನ ಭುಜದ ಮೇಲೆ ನಿದ್ದೆ ಹೋದಳು. ಗಿರಿಜಕ್ಕ ಹಗ್ಗದ ಮೇಲೆ ಬಿಟ್ಟಿದ್ದ ಬಟ್ಟೆ ತಂದು ನನ್ನ ಮುಂದೆ ಹಾಕಿದರು. ಇಬ್ಬರೂ ಮಡಚಿದೆವು.

"ನಿಮಗೂ ಹೇಳ್ತೇನೆ ಅಕ್ಕ" ಎಂದರು. "ಶೋಭಾ ಹೇಳಿದ್ದು. ಕನ್ನಡದಲ್ಲಿ ಹೇಳ್ತೇನೆ."

ಕೇಳಬೇಕೆಂದು ಜೀವ ಹಾತೊರೆಯಿತು. ಆದರೂ ತಲೆ ಅಲ್ಲಾಡಿಸಿದೆ. "ಕನ್ನಡದಾಗ ಬ್ಯಾಡ್ರಿ. ಅಕಿ ಹೆಂಗ ಹೇಳಿದ್ಲೋ ಹಂಗಽ ಕೇಳಬೇಕು. ನನಗ ತುಳು ತಿಳಿಯೂ ಹಂಗ ಆಗ್ಲಿ."

"ಅಷ್ಟು ತುಳು ಬರ್ಲಿಕ್ಕೆ ನಿಮಗೆ ಇನ್ನು ಎಷ್ಟು ವರ್ಷ ಬೇಕೋ ಮಾರಾಯ್ತಿ!"

"ಎಷ್ಟು ಬೇಕೋ ಅಷ್ಟು ಇರ್ತೀನಿ."

ಗಿರಿಜಕ್ಕ ಮಡಚಿದ ಬಟ್ಟೆಯಲ್ಲಿ ನನ್ನ ಸೀರೆಯನ್ನೂ ತಮ್ಮ ಸೀರೆಗಳ ರಾಶಿಯಲ್ಲೇ ಇಟ್ಟು ಒಳಗೆ ಒಯ್ದರು. ಗದಗಿನಲ್ಲಿ ನನ್ನ ಮನೆಗೆ ಬೀಗ ಇದೆ, ಗಂಡನ ಗದ್ದುಗೆ ಇದೆ. ಯಾವಾಗ ತಿರುಗಿ ಬರುತ್ತೀರೆಂದು ಕೇಳುವ ನೀವೆಲ್ಲ ಇದ್ದೀರಿ. ಮಗಳ ಕೊನೆಯ ಮಾತು ಇಲ್ಲಿದೆ, ಅರ್ಧ ಮಾತ್ರ ತಿಳಿದ ಭಾಷೆಯಲ್ಲಿ. ಅದನ್ನು ಬಿಟ್ಟು ಬರಲಾರೆ. ತಂದರೆ ನಿಮಗೆ ಅರ್ಥವಾಗುವುದಿಲ್ಲ.

ಆ ದಿನದ ಕೆಲಸ ಒಂದು ಉಳಿದಿತ್ತು. ಶ್ರೇಯಾಳ ಶಾಲೆಯ ಡೈರಿ ತೆಗೆದು, ಸೋಮವಾರದ ಪುಟದಲ್ಲಿ ಟೀಚರಿಗೆ ಬರೆದೆ: "ತಾಯಿ ತೀರಿಕೊಂಡ ವಿಷಯ ಶ್ರೇಯಾಳಿಗೆ ಭಾನುವಾರ ತಿಳಿಸಿದ್ದೇವೆ. ಇಷ್ಟು ದಿನ ನೀವು ಗುಟ್ಟು ಕಾಪಾಡಿದ್ದಕ್ಕೆ ಕೃತಜ್ಞರು. ಇನ್ನು ಅವಳು ಕೇಳಿದರೆ ನಿಜವನ್ನೇ ಹೇಳಬಹುದು. ತರಗತಿಯಲ್ಲಿ ಅತ್ತರೆ ಅಳಲು ಬಿಡಿ." ಪೋಷಕರ ಸಹಿಯ ಜಾಗದಲ್ಲಿ ಸದಾನಂದ ಸಹಿ ಹಾಕಿದ. ಅದರ ಕೆಳಗೆ ಗಿರಿಜಕ್ಕ, ಅದರ ಕೆಳಗೆ ನಾನು. ಜಾಗ ಸಾಲದೆ ನನ್ನ ಹೆಸರು ಅಂಚಿಗೆ ಹೋಯಿತು. ಡೈರಿಯನ್ನು ಚೀಲದೊಳಗಿಟ್ಟು ಜಿಪ್ ಎಳೆದೆ. ಏಳು ಗಂಟೆ ಇಪ್ಪತ್ತು ನಿಮಿಷ.